ಪ್ರಯೋಗ ನಮ್ಮಿಂದಲೇ ಶುರುವಾಗಲಿ

ಸಣ್ಣ ಊರುಗಳಲ್ಲಿ ಕಂಪನಿ ಕಟ್ಟುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯ ಗೆಳತಿಯರೇ,

ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಶಿವಮೊಗ್ಗ, ಕಲಬುರಗಿ, ಮಂಗಳೂರು, ಮೈಸೂರು, ಹೀಗೆ ಇದ್ದ ಊರಿನಲ್ಲೇ ನಿಂತು ಕಂಪನಿ ಕಟ್ಟುತ್ತಿರುವ ನಿಮ್ಮೆಲ್ಲರಿಗೂ ಈ ಪತ್ರ. ನಾನೂ ನಿಮ್ಮಲ್ಲೊಬ್ಬ. ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಕನ್ನಡದಲ್ಲೇ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಮ್ಮದು, ಹುಬ್ಬಳ್ಳಿಯಲ್ಲಿದೆ. ಬ್ಯಾಡಗಿ, ಗದಗ, ಹುಬ್ಬಳ್ಳಿಯ ಅಂಗಡಿಕಾರರೇ ನಮ್ಮ ಗಿರಾಕಿಗಳು.

ಕಳೆದ ತಿಂಗಳನ್ನು ನನ್ನ ಮೇಲೆಯೇ ಕೆಲವು ಪ್ರಯೋಗ ಮಾಡಿಕೊಳ್ಳಲು ಮೀಸಲಿಟ್ಟಿದ್ದೆ. ಜೊತೆಗೆ ಎರಡು ಹೊಸ ಕೆಲಸ ಕೈಗೆತ್ತಿಕೊಂಡೆ, ಕೆಲವು ಪುಸ್ತಕಗಳನ್ನು ಓದಿದೆ, ಕೆಲವನ್ನು ಮತ್ತೆ ಓದಿದೆ. ಅದರ ವರದಿ ನಿಮ್ಮ ಮುಂದಿಡಬೇಕು ಅನ್ನಿಸಿತು. ಯಾಕೆಂದರೆ ನಾವೆಲ್ಲ ಗಿರಾಕಿಗಳ ಮೇಲೆ ದಿನವೂ ಪ್ರಯೋಗ ಮಾಡುತ್ತೇವೆ. ಯಾವ ಬಣ್ಣದ ಬಟನ್ ಹೆಚ್ಚು ಒತ್ತುತ್ತಾರೆ, ಎಷ್ಟು ದರ ಇಟ್ಟರೆ ಒಪ್ಪುತ್ತಾರೆ, ಯಾವ ಮೆಸೇಜಿಗೆ ಉತ್ತರ ಕೊಡುತ್ತಾರೆ, ಎಲ್ಲವನ್ನೂ ಅಳೆದು ನೋಡುತ್ತೇವೆ. ನಮ್ಮ ದಿನ ಎಲ್ಲಿ ಸೋರಿಹೋಗುತ್ತದೆ, ಯಾವ ಹೊತ್ತಿನಲ್ಲಿ ನಮ್ಮ ತಲೆ ಚುರುಕಾಗಿರುತ್ತದೆ, ಯಾರ ಮಾತಿಗೆ ಕಿವಿಗೊಡುತ್ತೇವೆ, ಯಾರದ್ದನ್ನು ಕೇಳಿಸಿಕೊಳ್ಳದೆ ಬಿಡುತ್ತೇವೆ ಎಂಬುದನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಸಣ್ಣ ಕಂಪನಿಯಲ್ಲಿ ಇದು ನಮ್ಮ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಕಂಪನಿ ಕಟ್ಟಿದವರು ನಡುರಾತ್ರಿ ಮೆಸೇಜ್ ಕಳಿಸಿದರೆ ಕೆಲಸದ ಹುಡುಗ ಹುಡುಗಿಯರೆಲ್ಲ ನಿದ್ದೆಗೆಡುತ್ತಾರೆ. ಅವರು ಗಿರಾಕಿಯ ಫೋನಿಗೆ ಬೇಸರಪಟ್ಟರೆ ಇಡೀ ಕಂಪನಿ ಗಿರಾಕಿಯ ಬಗ್ಗೆ ಬೇಸರಪಡಲು ಕಲಿಯುತ್ತದೆ. ಅವರು ಬರೆದಿಡದೆ ನಿರ್ಧರಿಸಿದರೆ ಯಾವ ನಿರ್ಧಾರ ಯಾಕೆ ಆಯಿತೆಂದು ಮುಂದಿನ ವರ್ಷ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ದಿನಚರಿಯೇ ಕಂಪನಿಯ ಸ್ವಭಾವವಾಗುತ್ತದೆ. ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು. ನಾನು ಹೇಳಬೇಕೆಂದಿರುವುದು ಇದೊಂದೇ.

ಪ್ರಯೋಗದ ನಿಯಮ ಸರಳ. ಶುರುಮಾಡುವ ಮುನ್ನ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಬೇಕು. ಏನು ತಿಳಿಯಬೇಕಾಗಿದೆ? ಯಾವತ್ತು ಮುಗಿಸಬೇಕು? ಏನು ಕಂಡರೆ ಬಿಟ್ಟುಬಿಡಬೇಕು? ಮೂರನೆಯ ಸಾಲೇ ಎಲ್ಲಕ್ಕಿಂತ ಮುಖ್ಯ. ಬಿಡುವ ಷರತ್ತು ಇಲ್ಲದೆ ಹಿಡಿದದ್ದು ಪ್ರಯೋಗವಾಗುವುದಿಲ್ಲ, ಹರಕೆಯಾಗುತ್ತದೆ.

ಈ ದಾರಿ ಹೊಸದೇನಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಮಾಡಿಕೊಂಡು, ಒಂದೊಂದಕ್ಕೂ ಒಂದೊಂದು ವಾರ ಗಮನ ಕೊಟ್ಟು, ತಪ್ಪಿದ ದಿನ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ವರ್ಷಕ್ಕೆ ನಾಲ್ಕು ಸುತ್ತು. ಗಾಂಧೀಜಿಯಂತೂ ತಮ್ಮ ಆತ್ಮಕಥೆಯನ್ನೇ ಸತ್ಯದ ಪ್ರಯೋಗಗಳು ಎಂದು ಕರೆದರು. 1925ರಿಂದ 1929ರವರೆಗೆ ‘ನವಜೀವನ’ ಪತ್ರಿಕೆಯಲ್ಲಿ ಗುಜರಾತಿಯಲ್ಲಿ ಕಂತುಕಂತಾಗಿ ಬಂದ ಆ ಬರಹವನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರ್ ಕನ್ನಡಕ್ಕೆ ತಂದಿದ್ದಾರೆ. ಲೆಕ್ಕದ ವ್ಯವಹಾರ ಮಾಡುವ ನನಗೆ ಅದರಲ್ಲಿ ಲಂಡನ್ನಿನ ಭಾಗವೇ ಹೆಚ್ಚು ಹಿಡಿಸಿತು. ವಿದ್ಯಾರ್ಥಿಯಾಗಿದ್ದ ಅವರು ಬಸ್ಸಿನ ದುಡ್ಡು, ಅಂಚೆ ಖರ್ಚು, ಪತ್ರಿಕೆಗೆ ಕೊಟ್ಟ ಪುಡಿಗಾಸು ಎಲ್ಲವನ್ನೂ ಬರೆದು, ಮಲಗುವ ಮುಂಚೆ ಲೆಕ್ಕ ತಾಳೆ ನೋಡುತ್ತಿದ್ದರು. ಖರ್ಚು ಕಣ್ಣಿಗೆ ಕಂಡಮೇಲೆ ಅದನ್ನು ಅರ್ಧಕ್ಕೆ ಇಳಿಸಲು ನಿಶ್ಚಯಿಸಿದರು, ನಡೆದೇ ಹೋಗಬಹುದಾದ ಕಡೆ ಕೋಣೆ ಹಿಡಿದರು. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣ ಕೈಯಲ್ಲಿ ಓಡಾಡಿದಾಗಲೂ ಸಾಲ ಬೀಳದೆ ಉಳಿತಾಯವೇ ಇರುತ್ತಿದ್ದುದಕ್ಕೆ ಆ ಅಭ್ಯಾಸವೇ ಕಾರಣ ಎಂಬುದು ಅವರದೇ ಮಾತು. ಬರೆದಿಟ್ಟ ಲೆಕ್ಕ ಮನುಷ್ಯನ ನಡತೆಯನ್ನು ಬದಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನನ್ನ ಪ್ರಯೋಗಗಳಿಗೆ ಬರುತ್ತೇನೆ.

ಮೊದಲನೆಯದು, ಲ್ಯಾಪ್‌ಟಾಪ್ ತೆರೆಯದೆ, ನಮ್ಮ ಸಾಫ್ಟ್‌ವೇರಿನ ಹೆಸರೆತ್ತದೆ, ಗಿರಾಕಿಯ ಅಂಗಡಿಯಲ್ಲಿ ಸುಮ್ಮನೆ ಕೂತು ನೋಡುವುದು. ಅದಕ್ಕಾಗಿ ಬ್ಯಾಡಗಿ ಮಾರುಕಟ್ಟೆಯನ್ನು ಆರಿಸಿಕೊಂಡೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದ ಬೆಲೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆಯುವ ಕೆಂಪು ಬಣ್ಣದ ಎಣ್ಣೆ ಅಡುಗೆಯ ಪದಾರ್ಥಗಳಿಗಷ್ಟೇ ಅಲ್ಲದೆ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಗಿಡ್ಡಗೆ ದುಂಡಗಿರುವ ಡಬ್ಬಿ, ಉದ್ದಕ್ಕೆ ಸುಕ್ಕುಗಟ್ಟಿರುವ ಕಡ್ಡಿ, ಎರಡನ್ನೂ ವ್ಯಾಪಾರಿಗಳು ರಾಶಿಯಿಂದ ರಾಶಿಗೆ ಓಡಾಡಿ, ಮುಷ್ಟಿಯಲ್ಲಿ ಹಿಡಿದು, ಮುರಿದು, ಬೀಜ ನೋಡಿ ದರ ಹಾಕುತ್ತಾರೆ. ಟೆಂಡರ್ ಈಗ ಆನ್‌ಲೈನ್ ಆಗಿದೆ. ಯಾವ ಲಾಟಿಗೆ ಯಾರ ದರ ಹೆಚ್ಚು ಎಂಬುದು ಕಂಪ್ಯೂಟರಿನಲ್ಲೇ ತೀರ್ಮಾನವಾಗುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಮಾರದೆ ಉಳಿಸಿಕೊಳ್ಳಬಹುದು.

ಕೂತು ನೋಡಿದಾಗ ಕಂಡದ್ದು ಇದು. ಟೆಂಡರಿನ ಹೊತ್ತಿನಲ್ಲಿ ಗುಮಾಸ್ತನ ಕೈ ಮೊಬೈಲಿನ ಹತ್ತಿರ ಸುಳಿಯುವುದಿಲ್ಲ. ಕೈತುಂಬ ಮೆಣಸಿನ ಘಾಟು, ಸುತ್ತ ಸೀನು, ಕೆಮ್ಮು, ಹಮಾಲರ ಕೂಗು. ಅವನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಲೆಕ್ಕ ಶುರುವಾಗುವುದು ಸಂಜೆ, ತೂಕದ ಚೀಟಿಗಳೆಲ್ಲ ಅಂಗಡಿಗೆ ಬಂದಮೇಲೆ. ಆಗ ಎದುರಿಗೆ ರೈತ ಕೂತಿರುತ್ತಾನೆ. ಅವನಿಗೆ ಊರಿನ ಗಾಡಿ ಹಿಡಿಯುವ ಅವಸರ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡರು, ಕೈಗೆ ಎಷ್ಟು, ಇಷ್ಟನ್ನು ಅವನು ನಮ್ಮ ಸಾಫ್ಟ್‌ವೇರಿನಿಂದ ಬಂದ ಲೆಕ್ಕದ ಪಟ್ಟಿಯಲ್ಲಿ, ಅಲ್ಲೇ ದೀಪದ ಬೆಳಕಿನಲ್ಲಿ ಓದಿ ನೋಡುತ್ತಾನೆ. ಆಮೇಲೆ ಆ ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋಗುತ್ತಾನೆ. ಮನೆಯಲ್ಲಿ ಅದನ್ನು ಹೆಂಡತಿ, ಮಗಳು, ಸಾಲ ಕೊಟ್ಟವರು ಎಲ್ಲ ಓದುತ್ತಾರೆ. ಅಂಗಡಿಕಾರ ನಮಗೆ ದುಡ್ಡು ಕೊಡುತ್ತಾನೆ ನಿಜ, ನಾವು ಮಾಡಿದ್ದನ್ನು ಕಡೆಗೆ ಓದುವವನು ರೈತ. ಪಟ್ಟಿಯ ಅಕ್ಷರ ದೊಡ್ಡದಾಗಬೇಕು, ಕಡಿತದ ಪ್ರತಿಯೊಂದು ಬಾಬ್ತೂ ಬೇರೆ ಬೇರೆ ಸಾಲಿನಲ್ಲಿ ಬರಬೇಕು, ಕೈಗೆ ಬರುವ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಕಚೇರಿಯಲ್ಲಿ ಕೂತು ಎಷ್ಟು ಸಭೆ ಮಾಡಿದರೂ ಇದು ಹೊಳೆಯುತ್ತಿರಲಿಲ್ಲ.

ಎರಡನೆಯದು, ಬೆಳಗಿನ ಮೊದಲ ತಾಸು ಗಿರಾಕಿಗಳ ಫೋನನ್ನು ನಾನೇ ಎತ್ತುವುದು. ಫೋನ್ ಮಾಡಿದವರಲ್ಲಿ ಬಹಳ ಜನ ‘ಈ ಬಟನ್ ಎಲ್ಲೈತ್ರಿ?’ ಎಂದು ಶುರುಮಾಡುತ್ತಾರೆ. ಮಾತು ಮುಂದುವರಿಯಲು ಬಿಟ್ಟರೆ ನಿಜವಾದ ಪ್ರಶ್ನೆ ಕೊನೆಗೆ ಬರುತ್ತದೆ: ‘ಎಲ್ಲಾ ಇದರಾಗ ಬರದೀವಿ, ನಾಳೆ ಅಳಿಸಿ ಹೋದ್ರ?’ ತಂದೆ ಬರೆದ ಕಿರ್ದಿ ಪುಸ್ತಕ ಇವತ್ತಿಗೂ ಕಪಾಟಿನಲ್ಲಿರುವ ಮನೆಯವರ ಪ್ರಶ್ನೆ ಇದು. ಮಾಹಿತಿ ಸರ್ವರಿನಲ್ಲಿ ಭದ್ರವಾಗಿದೆ ಎಂಬ ಉತ್ತರದಿಂದ ಅವರಿಗೆ ಸಮಾಧಾನವಾಗುವುದಿಲ್ಲ. ಪ್ರತಿ ಸಂಜೆ ಅಂದಿನ ಕಿರ್ದಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳುವ ಸೌಲಭ್ಯ ಕೊಡಲು ನಿರ್ಧರಿಸಿದ್ದೇವೆ. ಕಾಗದ ಹಳೆಯದು ಎಂದು ನಮ್ಮ ಹುಡುಗರು ವಾದಿಸಿದರು. ಅವರನ್ನೂ ಒಂದು ತಾಸು ಫೋನ್ ಎತ್ತಲು ಕೂರಿಸಿದೆ. ಆಮೇಲೆ ವಾದ ನಿಂತಿತು. ಈ ಪ್ರಯೋಗವನ್ನು ಮುಂದುವರಿಸುತ್ತೇನೆ, ನಮ್ಮಲ್ಲಿ ಕೋಡ್ ಬರೆಯುವ ಪ್ರತಿಯೊಬ್ಬರಿಗೂ ಸರದಿ ಹಾಕಿದ್ದೇನೆ.

ಮೂರನೆಯದು ನಿರ್ಧಾರದ ಪುಸ್ತಕ. ಪೀಟರ್ ಡ್ರಕರ್ 1999ರಲ್ಲಿ ಬರೆದ ‘ಮ್ಯಾನೇಜಿಂಗ್ ಒನ್‌ಸೆಲ್ಫ್’ ಲೇಖನದಲ್ಲಿ ಒಂದು ಸರಳ ಉಪಾಯ ಹೇಳಿದ್ದಾರೆ. ದೊಡ್ಡ ನಿರ್ಧಾರ ತೆಗೆದುಕೊಂಡಾಗ ಅದರಿಂದ ಏನಾಗುತ್ತದೆಂದು ಬರೆದಿಡಿ, ಒಂಬತ್ತು ಹನ್ನೆರಡು ತಿಂಗಳ ನಂತರ ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಚಾರ್ಲ್ಸ್ ಡಾರ್ವಿನ್ನನ ಅಭ್ಯಾಸವನ್ನು ಇದಕ್ಕೆ ಸೇರಿಸಿಕೊಂಡೆ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ತಕ್ಷಣ ಬರೆದುಕೊಳ್ಳುತ್ತಿದ್ದೆ, ಅಂಥವು ನೆನಪಿನಿಂದ ಬೇಗ ಜಾರುತ್ತವೆ ಎಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನನ್ನ ಪುಸ್ತಕದ ಎಡಪುಟದಲ್ಲಿ ನಿರ್ಧಾರ ಮತ್ತು ನಿರೀಕ್ಷೆ, ಬಲಪುಟದಲ್ಲಿ ಅದಕ್ಕೆ ಎದುರಾಗಿ ಕೇಳಿದ, ಕಂಡ ಸಂಗತಿಗಳು. ಇದರ ಫಲ ತಿಂಗಳಲ್ಲಿ ತಿಳಿಯುವಂಥದ್ದಲ್ಲ. ಒಂದು ಬದಲಾವಣೆ ಮಾತ್ರ ಈಗಲೇ ಕಾಣುತ್ತಿದೆ: ನಿರೀಕ್ಷೆಯನ್ನು ಬರೆಯಲು ಕೂತಾಗ ಅರ್ಧದಷ್ಟು ನಿರ್ಧಾರಗಳು ಇನ್ನೂ ಕಾಯಬಲ್ಲವು ಎಂದು ಗೊತ್ತಾಗುತ್ತದೆ.

ನಾಲ್ಕನೆಯದು, ವಾರದಲ್ಲಿ ಒಂದು ಮಧ್ಯಾಹ್ನ ದೊಡ್ಡ ಪ್ರಶ್ನೆಗಳಿಗೆ. ಬೆಲ್ ಲ್ಯಾಬ್ಸಿನ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ 1986ರ ಒಂದು ಉಪನ್ಯಾಸದಲ್ಲಿ, ಶುಕ್ರವಾರ ಊಟವಾದ ಮೇಲೆ ತಾನು ದೊಡ್ಡ ವಿಚಾರಗಳನ್ನಷ್ಟೇ ಚರ್ಚಿಸುತ್ತಿದ್ದೆ ಎಂದು ಹೇಳಿದ. ನಾವೂ ಶುಕ್ರವಾರ ಮಧ್ಯಾಹ್ನ ಫೋನುಗಳನ್ನು ಪಕ್ಕಕ್ಕಿಟ್ಟು ಕೂತೆವು. ಸರ್ಕಾರಿ ಟೆಂಡರ್ ವ್ಯವಸ್ಥೆ ಹತ್ತು ವರ್ಷದಲ್ಲಿ ಹೇಗೆ ಬದಲಾದೀತು, ದಲಾಲರೇ ಇಲ್ಲದ ದಿನ ಬಂದರೆ ನಮ್ಮ ಕೆಲಸ ಯಾರಿಗೆ ಬೇಕಾದೀತು, ಇಂಥವು ನಮ್ಮ ಪ್ರಶ್ನೆಗಳು. ಉತ್ತರ ಇನ್ನೂ ಸಿಕ್ಕಿಲ್ಲ. ಕಂಪನಿಯಲ್ಲಿ ಎಲ್ಲರಿಗಿಂತ ಹೊಸಬಳಾದ ಹುಡುಗಿ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಆಳವಾಗಿತ್ತು, ಉಳಿದ ದಿನಗಳಲ್ಲಿ ಅವಳಿಗೆ ಅದನ್ನು ಕೇಳಲು ಜಾಗವೇ ಇರಲಿಲ್ಲ.

ನಸುಕಿನ ನಾಲ್ಕಕ್ಕೆ ಏಳುವ ಪ್ರಯೋಗವನ್ನು ಕೈಬಿಟ್ಟೆ. ಸಂಜೆ ಮನೆಯವರ ಜೊತೆ ಮಾತಾಡುವ ಹೊತ್ತಿಗೆ ಮನಸ್ಸು ಮಂಕಾದರೆ ಬಿಡಬೇಕು ಎಂದು ಮೊದಲೇ ಬರೆದಿಟ್ಟಿದ್ದೆ, ಹಾಗೇ ಆಯಿತು. ಬಿಡಲು ಸಂಕೋಚವಾಗಲಿಲ್ಲ. ಷರತ್ತು ಬರೆದಿಡುವುದರ ಪ್ರಯೋಜನ ಇದೇ.

ಕೈಗೆತ್ತಿಕೊಂಡ ಕೆಲಸ ಎರಡು. ಮೊದಲನೆಯದು ಆಗಲೇ ಹೇಳಿದ ಹೊಸ ಪಟ್ಟಿ. ಎರಡನೆಯದು ಮಾರುಕಟ್ಟೆಯ ಮಾತಿನ ಸಂಗ್ರಹ. ದನಿಯನ್ನು ಅಕ್ಷರವಾಗಿಸುವ ತಂತ್ರಜ್ಞಾನ ಕನ್ನಡದಲ್ಲಿ ಚೆನ್ನಾಗಿ ಬೆಳೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯಿಂದ ಜನರ ದನಿ ಸಂಗ್ರಹಿಸುತ್ತಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರಲ್ಲಿ ಶುರುವಾಯಿತು. ಆದರೂ ರಾಶಿಯ ಮುಂದೆ ನಿಂತು ಬ್ಯಾಡಗಿಯವರು ಆಡುವ ಮಾತು ಯಾವ ತಂತ್ರಾಂಶಕ್ಕೂ ಸಲೀಸಾಗಿ ಅರ್ಥವಾಗುವುದಿಲ್ಲ. ಸಂಜೆ ಲೆಕ್ಕದ ಹೊತ್ತಿನಲ್ಲಿ ಗುಮಾಸ್ತ ಬಾಯಲ್ಲಿ ಹೇಳಿದರೆ ಸಾಕು, ಬರವಣಿಗೆ ತಾನಾಗಿ ಆಗಬೇಕು ಎನ್ನುವುದು ನಮ್ಮ ಆಸೆ. ಅದಕ್ಕಾಗಿ ಹಮಾಲರು, ತೂಕದವರು, ಗುಮಾಸ್ತರು, ರೈತರ ಮಾತನ್ನು ಅವರ ಒಪ್ಪಿಗೆಯಿಂದ ಧ್ವನಿಮುದ್ರಿಸುತ್ತಿದ್ದೇವೆ. ಮಾತಾಡಿದ ಪ್ರತಿಯೊಬ್ಬರಿಗೂ ದುಡ್ಡು ಕೊಡುತ್ತೇವೆ. ಅವರ ದನಿಯನ್ನು ಏತಕ್ಕೆ ಬಳಸುತ್ತೇವೆಂದು ಕನ್ನಡದಲ್ಲಿ ಬರೆದು, ಓದಲು ಬಾರದವರಿಗೆ ಓದಿ ಹೇಳುತ್ತೇವೆ. ಇದರಲ್ಲಿ ನಿಧಾನವಾದರೂ ಅಡ್ಡದಾರಿ ಬೇಡ ಎಂದು ತೀರ್ಮಾನಿಸಿದ್ದೇವೆ. ಜನರ ಮಾತೇ ನಮ್ಮ ಕಚ್ಚಾಮಾಲು. ಹತ್ತಿಗೆ, ಮೆಣಸಿನಕಾಯಿಗೆ ಬೆಲೆ ಕೊಡುವವರು ಮಾತಿಗೂ ಕೊಡಬೇಕು.

ಆ ತಿಂಗಳು ನನ್ನನ್ನು ಬಿಡದೆ ಕಾಡಿದ ಇಬ್ಬರು ಹಿರಿಯರನ್ನು ನಿಮಗೆ ಪರಿಚಯಿಸಲೇಬೇಕು. ಇಬ್ಬರೂ ಹುಟ್ಟಿದ್ದು 1869ರಲ್ಲಿ, ಗಾಂಧೀಜಿ ಹುಟ್ಟಿದ ವರ್ಷದಲ್ಲೇ. ಒಬ್ಬರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್. ಮುಂಬೈಯ ಜೆ.ಜೆ. ಕಲಾಶಾಲೆಗೆ ಸೇರಿದ್ದರು. ಬಣ್ಣ ಗುರುತಿಸುವ ಕಣ್ಣಿನ ಶಕ್ತಿ ಪೂರ್ತಿ ಇಲ್ಲವೆಂದು ಗೊತ್ತಾಗಿ ಚಿತ್ರಕಲೆ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು, ಕಲಿಸಿದರು. ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ ಅದು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕೊಟ್ಟ, ಪಾಪಾಸುಕಳ್ಳಿ ತುಂಬಿದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಎರಡು ವರ್ಷ ಒಂದೂ ಮಾರಾಟವಾಗದ ನೇಗಿಲನ್ನು ನಂಬಿ ಕೂತ ಆ ಮನುಷ್ಯನನ್ನು ನೆನೆದರೆ ಮೂರು ತಿಂಗಳಲ್ಲೇ ಫಲ ಬೇಕೆನ್ನುವ ನಮ್ಮ ಅವಸರ ತಣ್ಣಗಾಗುತ್ತದೆ.

ಇನ್ನೊಬ್ಬರು ಹಾವೇರಿ ಸೀಮೆಯ ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿ. ಕನ್ನಡದಲ್ಲಿ ಕಾದಂಬರಿ ಓದುವವರೇ ಕಡಿಮೆಯಿದ್ದ ದಿನಗಳಲ್ಲಿ ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಹೊರೆ ಹೊತ್ತು ಊರೂರು ನಡೆದು ಮನೆಮನೆಗೆ ಮಾರಿದವರು. ಓದುಗರನ್ನು ಕಾಯುತ್ತ ಕೂರಲಿಲ್ಲ, ಓದುಗರನ್ನು ಮಾಡಿಕೊಂಡರು. ಅವರ ನಂತರ ಜಿ.ಪಿ. ರಾಜರತ್ನಂ ಕೂಡ ಹೀಗೇ ಪುಸ್ತಕ ಹೊತ್ತು ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಮನೋಹರ ಗ್ರಂಥಮಾಲೆ ಶುರುಮಾಡಿ, ಚಂದಾದಾರರ ಬಲದ ಮೇಲೆ ನಿಲ್ಲಿಸಿದರು. ಚಂದಾ ಪಡೆದು ನಡೆಸುವ ವ್ಯವಹಾರ ಅಮೆರಿಕದಿಂದ ಬಂದ ಹೊಸ ವಿದ್ಯೆ ಎಂದುಕೊಂಡಿರುವ ನಮ್ಮ ತಲೆಮಾರು ಈ ಚರಿತ್ರೆಯನ್ನು ಓದಲೇಬೇಕು. ಗಿರಾಕಿಯ ಮನೆ ಬಾಗಿಲಿಗೆ ನಡೆದು ಹೋಗುವುದು ನಮ್ಮ ನೆಲದಲ್ಲಿ ಒಂದು ಪರಂಪರೆ.

ಕೊನೆಯದಾಗಿ ಓದು. ಉದ್ಯಮದ ಪುಸ್ತಕಗಳಲ್ಲಿ ಒಂದನ್ನೇ ಹೇಳುತ್ತೇನೆ. ಇಂಟೆಲ್ ಕಂಪನಿಯ ಆಂಡ್ರ್ಯೂ ಗ್ರೋವ್ 1983ರಲ್ಲಿ ಬರೆದ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’. ಬೆಳಗಿನ ತಿಂಡಿಯಲ್ಲಿ ಮೊಟ್ಟೆ, ಟೋಸ್ಟ್, ಕಾಫಿ ಮೂರೂ ಬಿಸಿಯಾಗಿ ಒಟ್ಟಿಗೆ ಬರಬೇಕಾದರೆ ಯಾವ ಕೆಲಸ ಮೊದಲು ಶುರುವಾಗಬೇಕು ಎಂಬ ಉದಾಹರಣೆಯಿಂದ ಇಡೀ ಕಾರ್ಖಾನೆಯ ಲೆಕ್ಕ ತಿಳಿಸುತ್ತಾರೆ. ಉಳಿದ ನನ್ನ ಪಟ್ಟಿಯೆಲ್ಲ ಕನ್ನಡದ್ದೇ.

ಯಶವಂತ ಚಿತ್ತಾಲರ ‘ಶಿಕಾರಿ’ ಓದಿ. 1979ರ ಕಾದಂಬರಿ. ಚಿತ್ತಾಲರು ಸ್ವತಃ ಮುಂಬೈಯ ಕಾರ್ಖಾನೆಯೊಂದರಲ್ಲಿ ಪಾಲಿಮರ್ ತಜ್ಞರಾಗಿ ದುಡಿದವರು. ತನ್ನ ಮೇಲಿನ ಆಪಾದನೆ ಏನೆಂದೇ ತಿಳಿಯದೆ ಅಮಾನತಾದ ನಾಗಪ್ಪನ ಭಯವನ್ನು ಓದುವಾಗ, ಕೆಲಸ ಕೊಡುವವನ ಕೈಯಲ್ಲಿ ಎಂಥ ಅಧಿಕಾರವಿದೆ ಎಂದು ಬೆನ್ನು ತಣ್ಣಗಾಗುತ್ತದೆ. ಯಾರನ್ನಾದರೂ ಕೆಲಸದಿಂದ ತೆಗೆಯುವ ಮುನ್ನ ನಾವೆಲ್ಲ ಓದಬೇಕಾದ ಪುಸ್ತಕ. ಹೇಳಬೇಕಾದ ಕಾರಣವನ್ನು ಎದುರು ಕೂತು ಹೇಳಬೇಕು ಎಂದು ನಮ್ಮ ಕಂಪನಿಯ ನಿಯಮಗಳಲ್ಲಿ ಸೇರಿಸಿದ್ದು ಇದನ್ನು ಓದಿದ ಮೇಲೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಚಿಕ್ಕ ಪುಸ್ತಕ, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದಾಗ ಒಂದು ಸಾಮಾನ್ಯ ಮನೆಯಲ್ಲಿ ಮಾತು, ಮೌನ, ನ್ಯಾಯ ಅನ್ಯಾಯದ ಅಳತೆ ಎಲ್ಲ ಹೇಗೆ ಬದಲಾಗುತ್ತವೆ ಎಂಬುದು ಅಲ್ಲಿದೆ. ಕಂಪನಿ ಸೋತರೆ ಏನು ಮಾಡಬೇಕೆಂದು ನಾವು ಯೋಚಿಸುತ್ತೇವೆ. ಗೆದ್ದರೆ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಯೋಚಿಸಲು ಈ ಪುಸ್ತಕ ಬೇಕು. ಮನೆಯವರ ಜೊತೆ ಕೂತು ಓದಿ.

ತೇಜಸ್ವಿಯವರ ‘ಕರ್ವಾಲೊ’ ನಿಮ್ಮಲ್ಲಿ ಬಹಳ ಜನ ಓದಿರುತ್ತೀರಿ. ಮತ್ತೊಮ್ಮೆ ಓದಿ, ಈ ಸಲ ವಿಜ್ಞಾನಿ ಕರ್ವಾಲೊ ಮಂದಣ್ಣನ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನಷ್ಟೇ ಗಮನಿಸಿ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕಾಡನ್ನು ಅವನಷ್ಟು ಬಲ್ಲವರಿಲ್ಲ ಎಂಬುದು ಕರ್ವಾಲೊ ಒಬ್ಬರಿಗೇ ಕಾಣುತ್ತದೆ. ಅಂಗಡಿಯ ಮೂಲೆಯಲ್ಲಿ ಕೂತ ಗುಮಾಸ್ತನೂ ಅಂಥ ಬಲ್ಲವನೇ. ಇದರ ಜೊತೆಗೆ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇರಲಿ. ಯಕ್ಷಗಾನ, ಮಕ್ಕಳ ಶಿಕ್ಷಣ, ಮುದ್ರಣ, ಸಿನಿಮಾ, ವಿಜ್ಞಾನ ಬರಹ, ಎಲ್ಲದಕ್ಕೂ ಕೈಹಾಕಿ, ಕೈಸುಟ್ಟುಕೊಂಡರೂ ಮುಂದಿನದಕ್ಕೆ ಹೊರಟ ಬದುಕದು. ಇಷ್ಟೊಂದು ಪ್ರಯೋಗಗಳನ್ನು ಸ್ವಂತ ಖರ್ಚಿನಲ್ಲಿ ಮಾಡಿದ ಇನ್ನೊಬ್ಬರು ಕನ್ನಡದಲ್ಲಿ ಸಿಗುವುದು ಕಷ್ಟ.

ಗೆಳೆಯ ಗೆಳತಿಯರೇ, ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಬರುವ ತಿಂಗಳು ನೀವೂ ಒಂದೆರಡು ಪ್ರಯೋಗ ಮಾಡಿ, ಮೂರು ಸಾಲಿನ ನಿಯಮ ಬರೆದಿಟ್ಟುಕೊಂಡು ಮಾಡಿ. ತಿಂಗಳ ಕೊನೆಗೆ ಕನ್ನಡದಲ್ಲಿ ಒಂದು ಪತ್ರ ಬರೆದು ಪಕ್ಕದ ಊರಿನಲ್ಲಿ ಕಂಪನಿ ಕಟ್ಟುತ್ತಿರುವ ಇನ್ನೊಬ್ಬರಿಗೆ ಕಳಿಸಿ. ಹಿಡಿದದ್ದನ್ನು ಬರೆಯುವಷ್ಟೇ ವಿವರವಾಗಿ ಬಿಟ್ಟದ್ದನ್ನೂ ಬರೆಯಿರಿ. ಹೂಡಿಕೆದಾರರಿಗೆ ಕಳಿಸುವ ವರದಿಯಲ್ಲಿ ಇವಕ್ಕೆ ಜಾಗವಿಲ್ಲ, ಆದರೆ ಕಲಬುರಗಿಯ ತೊಗರಿ ವ್ಯಾಪಾರದಲ್ಲಿ ನೀವು ಕಂಡದ್ದು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ದುಡಿಯುವವರಿಗೆ ಬೇಕು. ಬೆಂಗಳೂರಿನಲ್ಲಿ ಇರುವವರಿಗೆ ಒಬ್ಬರಿಗೊಬ್ಬರು ಎದುರಾಗಲು ಕಾಫಿ ಅಂಗಡಿಗಳಿವೆ, ಸಭೆಗಳಿವೆ. ನಮ್ಮ ನಡುವೆ ನೂರಾರು ಮೈಲಿ ದೂರವಿದೆ. ಆ ದೂರವನ್ನು ಪತ್ರ ದಾಟಬಲ್ಲದು. ಮೊದಲ ಪತ್ರ ನಾನು ಬರೆದಿದ್ದೇನೆ, ಎರಡನೆಯದು ನಿಮ್ಮದಾಗಲಿ.

ವಿಶ್ವಾಸದಿಂದ,
ಹುಬ್ಬಳ್ಳಿಯಿಂದ ನಿಮ್ಮ ಗೆಳೆಯ